ಮೂವತ್ತೊಂದು ಮಿಲಿಮೀಟರ್ ಮಳೆ

ಮಳೆ ಬಂದೇ ಇರಲಿಲ್ಲ ಎಂದು ಅಷ್ಟು ಖಚಿತವಾಗಿ ಹೇಳಲು ತಾನು ಯಾರು? ಗುಡ್ಡದ ಆಚೆ ಬಂದಿರಬಹುದು. ಊರೆಲ್ಲ ನಿದ್ದೆಯಲ್ಲಿದ್ದಾಗ ಒಂದೇ ಒಂದು ಮೋಡ ದಾರಿ ತಪ್ಪಿ ಗಣಿಯ ಮೇಲೆ ನಿಂತು, ಸುರಿದು, ಹೇಳದೆ ಕೇಳದೆ ಹೊರಟುಹೋಗಿರಬಹುದು. ಮೋಡವೇನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಬರುತ್ತದೆಯೆ? ಒಂದು ಕೆನ್ನೆ ಬೋಳಿಸಿ, ಇನ್ನೊಂದಕ್ಕೆ ನೊರೆ ಮೆತ್ತಿಕೊಂಡು ಕನ್ನಡಿಯ ಮುಂದೆ ನಿಂತವನು ತನ್ನೊಡನೆ ತಾನೇ ವಾದಿಸುತ್ತಿದ್ದ. ಒಂದು ತಿಂಗಳಿಂದ ಪ್ರತಿ ಬೆಳಿಗ್ಗೆ ಇದೇ ವಾದ, ಪ್ರತಿ ಬೆಳಿಗ್ಗೆ ಅವನಿಗೇ ಗೆಲುವು, ಆದರೂ ಮಾರನೆಯ ಬೆಳಿಗ್ಗೆ ಮೊಕದ್ದಮೆ ಮತ್ತೆ ಮೊದಲಿನಿಂದ. ಇವತ್ತು ಮಾತ್ರ ಸ್ವಲ್ಪ ಬೇರೆ. ಇವತ್ತು ಹನ್ನೊಂದು ಗಂಟೆಗೆ ಅಧಿಕಾರಿ ಬರುತ್ತಾರೆ. ಕಲ್ಲಿದ್ದಲ ಗಣಿಯ ನೀರನ್ನು ಹಳ್ಳಕ್ಕೆ ಬಿಡುವ ಪರವಾನಗಿಯ ಐದು ವರ್ಷ ಮುಗಿಯುತ್ತಿದೆ. ಅದನ್ನು ಇನ್ನೈದು ವರ್ಷಕ್ಕೆ ಮುಂದುವರಿಸಬೇಕೆ ಬೇಡವೆ ಎಂದು ಕಾಗದ ನೋಡುತ್ತಾರೆ. ಆ ಕಾಗದಗಳಲ್ಲಿ ಹೋದ ತಿಂಗಳ ಹದಿನೇಳನೇ ತಾರೀಕಿನ ಎದುರು, ಮಳೆ ಎಂಬ ಅಂಕಣದಲ್ಲಿ, ಅವನ ಸಣ್ಣ ದುಂಡು ಅಕ್ಷರದಲ್ಲಿ ಮೂವತ್ತೊಂದು ಎಂದು ಬರೆದಿದೆ. "ರೀ, ಕನ್ನಡಿ ಸವೆದುಹೋಗತ್ತೆ, ಬನ್ನಿ, ಆ ತುದಿ ಹಿಡ್ಕೊಳ್ಳಿ" ಎಂದು ಹೆಂಡತಿ ಒಳಕೋಣೆಯಿಂದ ಕೂಗಿದಳು. ನೊರೆ ಮುಖದಲ್ಲೇ ಹೋಗಿ ಹಾಸಿಗೆಯ ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ಹೆಣದಂತೆ ಹೊತ್ತು ತಾರಸಿಗೆ ತಂದರು. "ಒಂದು ತಿಂಗಳಾಯ್ತು ಇದು ಬಿಸಿಲು ಕಂಡು. ನನ್ನ ತಮ್ಮ ಬಂದಿದ್ದನಲ್ಲ, ಹದಿನೇಳನೇ ತಾರೀಕು, ಅವತ್ತು ಒಣಗಿಸಿದ್ದೆ. ಹಿಂದಿನ ದಿನ ಸಂಜೆ ಹಾಕಿದ ಬಟ್ಟೆನೂ ರಾತ್ರಿಯೆಲ್ಲ ತಂತಿ ಮೇಲೇ ಇತ್ತು. ಬೆಳಿಗ್ಗೆ ಮುಟ್ಟಿದ್ರೆ ಹಪ್ಪಳ."

"ಗುಡ್ಡದ ಆಚೆ ಮಳೆ ಬಂದಿತ್ತೇನೋ" ಎಂದ ಅವನು. ಯಾಕೆ ಹಾಗೆಂದೆ ಎಂದು ಅವನಿಗೇ ತಿಳಿಯಲಿಲ್ಲ.

"ಬಂದಿರಬಹುದು. ನಾನು ಗುಡ್ಡದ ಆಚೆ ಬಟ್ಟೆ ಹಾಕಿರಲಿಲ್ಲ" ಎಂದಳು ಅವಳು, ಹಾಸಿಗೆಗೆ ಎರಡು ಏಟು ಬಿಗಿಯುತ್ತ. ಆ ಏಟು ತನಗೇ ಬಿದ್ದಂತೆ ಅವನು ಕಣ್ಣು ಮಿಟುಕಿಸಿದ.

ಗಣಿಯ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಯಾವಾಗಲೂ ಕೊನೆಗೆ ತುಂಬುವುದು. ದ್ವೇಷವೇನಿಲ್ಲ, ಅವನ ತೊಡೆಯ ಮೇಲೆ ಸದಾ ಇರುವ ಬಾಟ್ಲಿ ಪೆಟ್ಟಿಗೆಗೆ ಅಂಜಿ ಅಷ್ಟೆ. ಒಮ್ಮೆ ಅದರಲ್ಲಿದ್ದ ಆಮ್ಲದ ಹನಿ ಯಾರದೋ ಪ್ಯಾಂಟಿಗೆ ತೂತು ಮಾಡಿತ್ತು. ಅಂದಿನಿಂದ ಅವನು ಬಾಟ್ಲಿ ಮೇಷ್ಟ್ರು. ರಸಾಯನಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದವನಿಗೆ ಬದುಕು ಕೊಟ್ಟ ಬಿರುದು ಅದು ಎಂದು ಮೊದಮೊದಲು ನೋಯುತ್ತಿದ್ದ. ಆಮೇಲೆ ಅದೇ ಅಭ್ಯಾಸವಾಯಿತು, ಅದಕ್ಕೂ ಆಮೇಲೆ ಅದೊಂದು ಸಣ್ಣ ಹೆಮ್ಮೆಯೂ ಆಯಿತು, ಏಕೆಂದರೆ ಗಣಿಯಲ್ಲಿ ಎಲ್ಲರೂ ಹೊರಗೆ ತೆಗೆಯುವುದು ಕಲ್ಲಿದ್ದಲು, ಅದರ ಹಿಂದೆಯೇ ಹೊರಬರುವ ನೀರಿನ ಕಡೆ ನೋಡುವವನು ತಾನೊಬ್ಬ. ಆಳದಲ್ಲಿ ಜಿನುಗುವ ನೀರನ್ನು ಪಂಪುಗಳು ಮೇಲೆತ್ತುತ್ತವೆ. ಅದು ಸುಣ್ಣದ ತೊಟ್ಟಿಗೆ ಬರುತ್ತದೆ, ಅಲ್ಲಿಂದ ಮೊದಲ ಹೊಂಡ, ಅಲ್ಲಿಂದ ಎರಡನೇ ಹೊಂಡ. ಸುಣ್ಣ ಕೂಡಿದ ನೀರಿನಲ್ಲಿ ಕಬ್ಬಿಣ ತುಕ್ಕಿನ ಹಾಗೆ ಕೆಂಪಗೆ ಒಡೆದು ಹೊಂಡದ ತಳದಲ್ಲಿ ಕೂರುತ್ತದೆ. ತಿಳಿನೀರು ಅಲ್ಲಿಂದ ಕೊಳವೆಯ ಬಾಯಲ್ಲಿ ಹಳ್ಳಕ್ಕೆ ಬೀಳುತ್ತದೆ. ಪರವಾನಗಿ ನಲವತ್ತೆರಡು ಪುಟ. ಅವನಿಗೆ ಅದು ಬಾಯಿಪಾಠ. ಗೊತ್ತುಮಾಡಿದ ದಿನ, ಆ ಕೊಳವೆಯ ಬಾಯಲ್ಲೇ ನೀರಿನ ಮಾದರಿ ತೆಗೆಯಬೇಕು. ಕಬ್ಬಿಣ ಲೀಟರಿಗೆ ಆರು ಮಿಲಿಗ್ರಾಂ ದಾಟಬಾರದು. ದಾಟಿದರೆ ಒಂದು ದಿನದೊಳಗೆ ತಿಳಿಸಿ, ಕಾರಣ ಹುಡುಕಿ ಸರಿಪಡಿಸಬೇಕು. ಹದಿನೆಂಟನೇ ಪುಟದಲ್ಲಿ ಒಂದು ವಿನಾಯಿತಿ: ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಇಪ್ಪತ್ತೈದು ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದಿದ್ದರೆ ಆ ದಿನ ಕಬ್ಬಿಣದ ಮಿತಿ ಲೆಕ್ಕಕ್ಕಿಲ್ಲ. ಜೋರು ಮಳೆಗೆ ಹೊಂಡ ಕಲಕುತ್ತದೆ, ಅದು ಯಾರ ತಪ್ಪೂ ಅಲ್ಲ. ಎಷ್ಟು ನ್ಯಾಯವಾದ ಮಾತು! ಹದಿನೇಳನೇ ತಾರೀಕು ಅವನ ಬಾಟ್ಲಿಯಲ್ಲಿ ಬಂದದ್ದು ಒಂಬತ್ತು ಪಾಯಿಂಟ್ ನಾಲ್ಕು.

ಸುಣ್ಣದ ತೊಟ್ಟಿಯ ಶೆಡ್ಡಿನಲ್ಲಿ ಸುಣ್ಣದಜ್ಜ ಚೀಲ ಬಿಚ್ಚುತ್ತಿದ್ದ. ಅಜ್ಜ ಎಂದರೆ ಹೆಚ್ಚೆಂದರೆ ಐವತ್ತೆಂಟು; ಹನ್ನೊಂದು ವರ್ಷ ಸುಣ್ಣ ಸುರಿದು ಹುಬ್ಬು, ತಲೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿ, ಸ್ನಾನ ಮಾಡಿದರೂ ವಯಸ್ಸು ಇಳಿಯದಂತೆ ಆಗಿತ್ತು.

"ಏನು ಮೇಷ್ಟ್ರೇ, ಮದುವೆ ಗಂಡಿನ ಹಾಗೆ ಬೋಳಿಸ್ಕೊಂಡು ಬಂದಿದೀರಿ. ನೋಡೋಕೆ ಯಾರು ಬರ್ತಿದಾರೆ?"

"ಅಧಿಕಾರಿ ಬರ್ತಾರೆ ಅಜ್ಜ. ಪರವಾನಗಿಗೆ."

"ಕಾಗದ ನೋಡ್ತಾರೋ, ನೀರು ನೋಡ್ತಾರೋ?"

"ಎರಡೂ."

"ಎರಡೂ ಒಟ್ಟಿಗೆ ನೋಡಿದ್ರೆ ಕಷ್ಟ" ಎಂದು ಅಜ್ಜ ಬೆಳ್ಳನೆಯ ಹುಬ್ಬು ಕುಣಿಸಿದ.

ಇವತ್ತೂ ಮಾದರಿಯ ದಿನವೇ. ಕೊಳವೆಯ ಬಾಯಿಗೆ ಇಳಿದು, ಬಾಟ್ಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ತುಂಬಿಸಿ, ಆಮ್ಲದ ಹನಿ ಬಿಟ್ಟು ಮುಚ್ಚಿದ. ಆಕಾಶ ಒರೆಸಿಟ್ಟ ತಟ್ಟೆಯ ಹಾಗಿತ್ತು. ಬಾಯಿಯ ಕೆಳಗಿನ ಕಲ್ಲುಗಳಿಗೆಲ್ಲ ಕಿತ್ತಳೆ ಬಣ್ಣದ ತೊಗಟೆ. ಅದು ಹೋದ ವರ್ಷ ಇಷ್ಟು ದೂರ ಇರಲಿಲ್ಲ. ಹಳ್ಳದ ತಿರುವಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಈಗ ಮೇಲಿನ ಸೇತುವೆಯ ಹತ್ತಿರ ಹೋಗುತ್ತಾರೆ. ಯಾರೂ ಜಗಳಕ್ಕೆ ಬಂದಿಲ್ಲ, ಅರ್ಜಿ ಕೊಟ್ಟಿಲ್ಲ. ಬುಟ್ಟಿ ಎತ್ತಿಕೊಂಡು ಜಾಗ ಬದಲಾಯಿಸಿದರು, ಅಷ್ಟೆ. ಬೈದಿದ್ದರೆ ತಾನು ಸಮಾಧಾನದಿಂದ ಉತ್ತರ ಹೇಳುತ್ತಿದ್ದೆ ಎಂದುಕೊಂಡ. ಇನ್ನೊಂದು ಪುಟ್ಟ ಗಾಜಿನ ಕೊಳವೆಯಲ್ಲಿ ಒಂದಿಷ್ಟು ನೀರು ಹಿಡಿದು ಪುಡಿ ಹಾಕಿದ. ಪ್ರಯೋಗಾಲಯದ ಉತ್ತರ ಬರುವ ಮೊದಲೇ ಇದು ಸುಳಿವು ಕೊಡುತ್ತದೆ: ಬಣ್ಣ ಗಾಢವಾದಷ್ಟೂ ಕಬ್ಬಿಣ ಹೆಚ್ಚು. ಬಣ್ಣ ಏರಿತು, ಇನ್ನೂ ಏರಿತು. ಎಂಟರ ಆಸುಪಾಸು. ಹಿಂದೆಯೇ ಇಳಿದುಬಂದಿದ್ದ ಅಜ್ಜ ಹೆಗಲ ಮೇಲಿಂದ ಇಣುಕಿ, "ಚಹಾ ಸ್ವಲ್ಪ ಸ್ಟ್ರಾಂಗ್ ಆಯ್ತು" ಎಂದ.

"ಅಜ್ಜ, ಸುಣ್ಣ ಕಡಿಮೆ ಬೀಳ್ತಿದೆಯಾ?" ಕೇಳಿಯೇಬಿಟ್ಟ. ಒಂದು ತಿಂಗಳಿಂದ ಅವನ ಒಳಗಿನ ವಾದದಲ್ಲಿ ಇದೇ ದೊಡ್ಡ ಸಾಕ್ಷಿ. ಹದಿನೇಳಕ್ಕೆ ಕಬ್ಬಿಣ ಹೆಚ್ಚಾದದ್ದು ಅಜ್ಜನ ಕೈ ತಪ್ಪಿನಿಂದಲೇ, ಮಳೆ ಬರೆಯದೆ ಇದ್ದಿದ್ದರೆ ಅಜ್ಜನ ಕೆಲಸ ಹೋಗುತ್ತಿತ್ತು, ತಾನು ಒಬ್ಬ ಬಡಪಾಯಿಯನ್ನು ಉಳಿಸಿದೆ. ಈ ಮಾತು ನೆನೆದಾಗಲೆಲ್ಲ ಅವನಿಗೆ ಕಣ್ಣು ತುಂಬುವಷ್ಟು ಒಳ್ಳೆಯವನಾದಂತೆ ಅನಿಸುತ್ತಿತ್ತು.

ಅಜ್ಜ ಅವನ ತೋಳು ಹಿಡಿದು ಶೆಡ್ಡಿಗೆ ಕರೆತಂದು ಗೋಡೆಯ ಮುಂದೆ ನಿಲ್ಲಿಸಿದ. ಗೋಡೆಯ ತುಂಬ ಇದ್ದಿಲಿನ ಗೀಟುಗಳು. ಚೀಲಕ್ಕೊಂದು ಗೀಟು, ದಿನಕ್ಕೊಂದು ಸಾಲು. "ಓದು ಬರಹ ನಿಮ್ಮಷ್ಟು ಇಲ್ಲ. ಗೀಟು ಹಾಕೋಕೆ ಬರತ್ತೆ. ಹದಿನೇಳು ಎಲ್ಲಿದೆ ನೋಡಿ. ಒಂದು ಚೀಲ ಕಮ್ಮಿ ಇದ್ರೆ ನನ್ನ ಕಿವಿ ಹಿಂಡಿ." ಕಡಿಮೆ ಇರಲಿಲ್ಲ. "ಸುಣ್ಣ ತನ್ನ ಕೆಲಸ ಮಾಡತ್ತೆ ಮೇಷ್ಟ್ರೇ. ಕಬ್ಬಿಣ ಕೂತ್ಕೊಳ್ಳೋಕೆ ಜಾಗ ಬೇಡವಾ? ಎರಡನೇ ಹೊಂಡದ ತುಂಬ ಕೆಸರು. ತುಂಬಿದ ಬಸ್ಸಿಗೆ ಇನ್ನೂ ಜನ ಹತ್ತಿಸಿದ್ರೆ ಬಾಗಿಲಲ್ಲಿ ನೇತಾಡ್ತಾರೆ. ಹಂಗೆ ಹೊರಗೆ ಬೀಳ್ತಿದೆ."

"ಮ್ಯಾನೇಜರ್ ಸಾಹೇಬರಿಗೆ ಹೇಳಬೇಕಾಗಿತ್ತು."

"ಹೇಳ್ದೆ. ಹೋದ ತಿಂಗಳೇ ಹೇಳ್ದೆ. ಇಲ್ಲ ಅಜ್ಜ, ಅವತ್ತು ಜೋರು ಮಳೆ ಬಂದಿತ್ತಂತೆ, ಅದಕ್ಕೇ ಕಲಕಿದೆ ಅಂದ್ರು. ರಾತ್ರಿ ಪಾಳಿ ಮಾಡಿದೋನು ನಾನು. ನನ್ನ ಮೈ ಮೇಲೆ ಒಂದು ಹನಿ ಬೀಳಲಿಲ್ಲ. ಆದ್ರೂ ಸುಮ್ನಾದೆ. ಓದಿದೋರು ಬರೆದಿದಾರೆ ಅಂದ್ಮೇಲೆ ಬಂದಿರತ್ತೆ, ನನಗೇ ಗೊತ್ತಾಗಿಲ್ಲ ಅಂದ್ಕೊಂಡೆ."

ಆಡಿದ್ದರಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದಿದ್ದರೆ ಸಹಿಸಬಹುದಿತ್ತು. ಒಬ್ಬ ಮನುಷ್ಯ ತನ್ನ ಒಣಗಿದ ಅಂಗಿಯನ್ನೇ ಅನುಮಾನಿಸುವಂತೆ ತನ್ನ ಒಂದು ಅಂಕಿ ಮಾಡಿತಲ್ಲ ಎಂದು ಅವನು ಪೆಟ್ಟಿಗೆ ಎತ್ತಿಕೊಂಡು ಹೊಂಡದ ಏರಿ ಹತ್ತತೊಡಗಿದ. ಹದಿನೇಳರ ಅಂಕಿ ಬರೆದ ದಿನವೂ ಹೀಗೆ ಹತ್ತಿದ್ದ, ಕಚೇರಿಯ ಹಿಂದಿನ ಕಬ್ಬಿಣದ ಏಣಿ, ಕೈಯಲ್ಲಿ ಸ್ನಾನದ ಮನೆಯ ನೀಲಿ ಪ್ಲಾಸ್ಟಿಕ್ ಮಗ್ಗು. ಮಳೆ ಮಾಪಕ ಮೇಲಿನ ತಾರಸಿಯಲ್ಲಿದೆ. ಸಾಹೇಬರು ಒಂಬತ್ತು ಪಾಯಿಂಟ್ ನಾಲ್ಕು ಎಂಬ ಪ್ರಯೋಗಾಲಯದ ಚೀಟಿಯನ್ನು ನೋಡಿ, ಕಿಟಕಿಯ ಹೊರಗೆ ನೋಡಿ, 'ಅವತ್ತು ಮಳೆ ಬಂದಿತ್ತಲ್ವಾ?' ಎಂದಿದ್ದರು. ಅಷ್ಟೇ, ಗದರಲಿಲ್ಲ, ಬರಿ ಎನ್ನಲಿಲ್ಲ. ಹದಿನೇಳರ ಮಳೆಯ ಅಂಕಣ ಇನ್ನೂ ಖಾಲಿಯಿತ್ತು, ಆದರೆ ಪೆನ್ನು ಹಿಡಿದು ಪುಸ್ತಕದ ಮುಂದೆ ಕೂತರೆ ಕೈ ಓಡಲಿಲ್ಲ. ಇಲ್ಲದ್ದನ್ನು ಬರೆಯುವುದು ಅವನಿಗೆ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷ ಕಂಡದ್ದನ್ನೇ ಬರೆದು ಕೈ ಕೆಟ್ಟಿತ್ತು. ಹಾಗಾಗಿ ಎದ್ದು ಮಗ್ಗಿನಲ್ಲಿ ನೀರು ತುಂಬಿಕೊಂಡು ಏಣಿ ಹತ್ತಿದ. ಮಾಪಕದ ಬಾಯಿಗೆ ಸುರಿದು, ಅಳತೆಗಾಜಿಗೆ ಬಗ್ಗಿಸಿ ನೋಡಿದರೆ ಮೂವತ್ತೆಂಟು. ಅದು ತುಸು ಅತಿಯಾಯಿತು ಅನಿಸಿ ಸ್ವಲ್ಪ ಚೆಲ್ಲಿದ. ಮೂವತ್ತಕ್ಕೆ ಬಂದಾಗ, ಅದು ತೀರ ದುಂಡನೆಯ ಅಂಕಿ, ಸುಳ್ಳಿನ ಹಾಗೆ ಕಾಣುತ್ತದೆ ಎಂದು ನಾಲ್ಕು ಹನಿ ಮತ್ತೆ ಸೇರಿಸಿದ. ಆಮೇಲೆ ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಕಾಲೇಜಿನಲ್ಲಿ ಕಲಿಸಿದಂತೆ ಬಾಗಿದ ಗೆರೆಯ ಕೆಳಗಿನ ಅಂಚನ್ನು ಓದಿದ. ಮೂವತ್ತೊಂದು. ಈಗ ಕೈ ಓಡಿತು. ಇಳಿದು ಬರುವಾಗ ಖಾಲಿ ಮಗ್ಗನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ. ಎದುರಾದ ಜವಾನ, "ಏನ್ ಸಾರ್, ಹೊಟ್ಟೆ ಬಂದಿದೆ" ಎಂದು ನಕ್ಕಿದ್ದ. ಆ ನಗುವೊಂದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಧಿಕಾರಿ ಬೆಳ್ಳಿಕೂದಲಿನ, ಮೆತ್ತನೆಯ ದನಿಯ ಹೆಂಗಸು. ಸಾಹೇಬರ ಕೋಣೆಯಲ್ಲಿ ಕೂತು ಪೆನ್ಸಿಲಿನ ಹಿಂತುದಿಯಿಂದ ಒಂದೊಂದೇ ಸಾಲನ್ನು ಇಳಿಯುತ್ತಿದ್ದರು. ಸಾಹೇಬರು ಹಣೆಯ ಮೇಲೊಂದು, ಜೇಬಿನಲ್ಲೊಂದು ಕನ್ನಡಕವಿಟ್ಟುಕೊಂಡು ಮೂರನೆಯದನ್ನು ಮೇಜಿನ ಮೇಲೆ ಹುಡುಕುತ್ತಿದ್ದರು. ಅವನು ಬಾಗಿಲ ಪಕ್ಕದ ಕುರ್ಚಿಯ ಅಂಚಿನಲ್ಲಿ. ಐದು ವರ್ಷದ ಅಂಕಿಗಳು ಮಡಚಿದ ಬಟ್ಟೆಯ ಹಾಗೆ ಒಪ್ಪವಾಗಿದ್ದವು, ಅವನಿಗೇ ಒಂದು ಗಳಿಗೆ ಅಭಿಮಾನವೆನಿಸಿತು. ಸುಮ್ಮನೆ ಕೂತರೆ ಸಾಕು. ಇವತ್ತಿನ ಎಂಟನ್ನು ತಿಳಿಸಿದರಾಯಿತು. ಮೂವತ್ತೊಂದು ಎಂಬ ಹಳೆಯ ಅಂಕಿ ಹಾಳೆಗಳ ನಡುವೆ ಹಾಳೆಯಾಗಿ ಮಲಗಿರುತ್ತದೆ. ಆದರೆ ಎಂಟು ಒಂದೇ ಸಲದ್ದಾದರೆ ಯಾವತ್ತೋ ಒಂದು ದಿನದ ಕೆಡುಕು, ಅಜ್ಜನ ಕೈ ತಪ್ಪು, ಸುಣ್ಣ ಹೆಚ್ಚು ಹಾಕಿ ಎಂದು ಮುಗಿಯುತ್ತದೆ. ಒಂಬತ್ತು ಪಾಯಿಂಟ್ ನಾಲ್ಕರ ಜೊತೆ ಸೇರಿದರೆ ಮಾತ್ರ ಅದು ಹೊಂಡದ ಕಥೆ. ಒಂಬತ್ತನ್ನು ಮಳೆ ನುಂಗಿದೆ. ಹೊಂಡದ ಕೆಸರು ತೆಗೆಯದೆ ಇನ್ನೈದು ವರ್ಷ. ಹೇಳಿದರೋ, ಪಂಪು ನಿಲ್ಲಬಹುದು, ಗಣಿಯೇ ನಿಲ್ಲಬಹುದು, ಬಸ್ಸಿನಲ್ಲಿ ಪಕ್ಕದ ಸೀಟಷ್ಟೇ ಅಲ್ಲ, ಎದುರಿನದೂ ಖಾಲಿಯಾಗಬಹುದು, ಆ ಬಸ್ಸಿನಲ್ಲಿ ತಾನೇ ಇಲ್ಲದಿರಬಹುದು.

"ಹದಿನೇಳಕ್ಕೆ ಮೂವತ್ತೊಂದು ಮಿಲಿಮೀಟರ್" ಎಂದರು ಅಧಿಕಾರಿ. "ಪರವಾಗಿಲ್ಲ, ಒಳ್ಳೆ ಮಳೆ. ನಮ್ಮ ಕಡೆ ಆ ವಾರ ಪೂರ್ತಿ ಒಣಬಿಸಿಲು."

"ಇಲ್ಲಿ ಹಾಗೇ ಮೇಡಂ" ಎಂದರು ಸಾಹೇಬರು. "ಎಮ್ಮೆಯ ಒಂದು ಕೊಂಬು ಒದ್ದೆ ಆದ್ರೆ ಇನ್ನೊಂದು ಒಣಗಿರತ್ತೆ."

ಅಧಿಕಾರಿ ನಕ್ಕು ಹಾಳೆ ತಿರುವಿದರು. ಮುಗಿಯಿತು, ಪಾರಾದೆ ಎಂದು ಅವನಿಗೆ ಅನಿಸಿದ್ದೂ, "ಬಂದಿರಲಿಲ್ಲ" ಎಂದು ಯಾರೋ ಹೇಳಿದ್ದೂ ಒಂದೇ ಗಳಿಗೆಯಲ್ಲಿ. ಇಬ್ಬರೂ ತನ್ನತ್ತ ತಿರುಗಿದಾಗಲೇ ಆ ದನಿ ತನ್ನದೆಂದು ತಿಳಿದದ್ದು.

"ಏನು ಬಂದಿರಲಿಲ್ಲ?"

"ಮಳೆ, ಮೇಡಂ. ಅವತ್ತು ಮಳೆ ಬಂದಿರಲಿಲ್ಲ. ಮಾಪಕಕ್ಕೆ ನಾನೇ ನೀರು ಹಾಕಿದ್ದು."

"ನೀವೇ ಅಂದ್ರೆ?"

"ಮಗ್ಗಿನಲ್ಲಿ."

"ಮಗ್ಗಿನಲ್ಲಿ" ಎಂದು ಅಧಿಕಾರಿ ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡರು, ಬೇರೆ ಭಾಷೆಯ ಮಾತನ್ನು ನಾಲಿಗೆಗೆ ಒಗ್ಗಿಸಿಕೊಳ್ಳುವವರ ಹಾಗೆ. "ಬರೆದುಬಿಟ್ಟಿದ್ರೆ ಆಗ್ತಿತ್ತಲ್ಲ. ಸುರಿಯೋದು ಯಾಕೆ?"

"ಇಲ್ಲದ್ದನ್ನ ಬರೆಯೋಕೆ ಆಗಲಿಲ್ಲ ಮೇಡಂ."

ಅವರ ಮುಖದಲ್ಲಿ ನಗು ಬರಬೇಕೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿತು. ಅವನು ಉಳಿದದ್ದನ್ನೂ ಹೇಳಿದ, ಒಂಬತ್ತು ಪಾಯಿಂಟ್ ನಾಲ್ಕು, ಇವತ್ತಿನ ಗಾಜಿನ ಬಣ್ಣ, ಗೋಡೆಯ ಗೀಟುಗಳು, ಎರಡನೇ ಹೊಂಡ. ಹೇಳುತ್ತ ಹೇಳುತ್ತ ತನ್ನ ಮಾತು ಸರಾಗವಾಗಿ ಬರುತ್ತಿರುವುದು ಕೇಳಿ ಅವನಿಗೇ ಬೆರಗು. ಸಾಹೇಬರು ಹಣೆಯ ಕನ್ನಡಕ ತೆಗೆದರು, ಜೇಬಿನದನ್ನೂ ತೆಗೆದರು, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಈಗ ಬೈಯುತ್ತಾರೆ ಎಂದು ಅವನು ಹೆಗಲು ಕುಗ್ಗಿಸಿದ.

"ಮೇಡಂ" ಎಂದರು ಸಾಹೇಬರು. "ನೀರು ಹಾಕಿದ್ದು ನನಗೆ ಗೊತ್ತಿಲ್ಲ. ಆದರೆ ಮಳೆ ಮಾತು ತೆಗೆದಿದ್ದು ನಾನೇ. ಅವತ್ತು ಮಳೆ ಬಂದಿತ್ತಲ್ವಾ ಅಂತ ನಾನು ಕೇಳಿದ್ದಕ್ಕೆ ಈ ಮನುಷ್ಯ ಹೋಗಿ ಸುರಿದಿದ್ದು. ಬರೀತೀರಾದ್ರೆ ಅದನ್ನೂ ಬರೀರಿ."

ಇಷ್ಟು ದಿನ ಅವನು ನಂಬಿದ್ದ ಮಾತೇ ಅದು. ಇನ್ನೊಬ್ಬರ ಬಾಯಲ್ಲಿ ಕೇಳಿದ್ದೇ ತಡ, ಅದು ಮೈಗೆ ಹೊಂದದ ಅಂಗಿಯಾಯಿತು. ಅಂದು ಸಾಹೇಬರು ಕಿಟಕಿಯ ಕಡೆ ನೋಡಲೇ ಇಲ್ಲ. ಇದೇ ಮೇಜಿನ ಮೇಲೆ ಬಗ್ಗಿ ಕನ್ನಡಕ ಹುಡುಕುತ್ತಿದ್ದರು. ಕಿಟಕಿಯ ಹೊರಗೆ ನೋಡುತ್ತಿದ್ದವನು ತಾನು. ಕೈಯಲ್ಲಿದ್ದ ಚೀಟಿ ಓದಿ ಅವರು ಏನೆನ್ನುತ್ತಾರೋ ಎಂಬ ಭಯಕ್ಕೆ ಅವರು ಓದುವ ಮೊದಲೇ ತಾನೇ ಅಂದಿದ್ದ: 'ಸರ್, ಅವತ್ತು ಮಳೆ ಬಂದಿತ್ತಲ್ವಾ?' ಸಾಹೇಬರು ತಲೆಯೆತ್ತಿ, ಬರಿಗಣ್ಣಿನಿಂದ ಅವನನ್ನು ಬಹಳ ಹೊತ್ತು ನೋಡಿ, 'ಹೌದಾ? ಹಾಗಾದ್ರೆ ಒಳ್ಳೇದಾಯ್ತು' ಎಂದಿದ್ದರು. ಅಷ್ಟೆ. ಕಣ್ಣ ಮುಂದೆ ಬಿಸಿಲಿನಷ್ಟು ನಿಚ್ಚಳವಾಗಿತ್ತು. ಅವನು ಬಾಯಿ ತೆರೆದ. ಸಾಹೇಬರು ಅವನ ಕಡೆ ನೋಡಿದರು; ಅವರಿಗೂ ನೆನಪು ತಲೆಕೆಳಗಾಗಿದೆಯೋ, ಅಥವಾ ಎಲ್ಲ ಗೊತ್ತಿದ್ದೂ ಅರ್ಧ ಹೊರೆಗೆ ಹೆಗಲು ಕೊಡುತ್ತಿದ್ದಾರೋ ಆ ನೋಟದಲ್ಲಿ ತಿಳಿಯಲಿಲ್ಲ. ಅಷ್ಟರಲ್ಲಿ ಅಧಿಕಾರಿ ಎದ್ದು, "ಕೂತು ಏನು ಮಾಡೋದು, ಹೊಂಡ ತೋರಿಸಿ" ಎಂದರು.

ಅಜ್ಜ ಉದ್ದನೆಯ ಬಿದಿರು ಗಳ ತಂದ. ಹೊಂಡ ಎರಡಾಳು ಆಳ ಇರಬೇಕೆಂದು ಪರವಾನಗಿಯ ನಕ್ಷೆ. ಅಜ್ಜ ಗಳವನ್ನು ಇಳಿಬಿಟ್ಟ. ಅದು ಮಂಡಿಯುದ್ದ ಹೋಗಿ ನಿಂತಿತು, ಕೈಬಿಟ್ಟರೂ ಬೀಳದೆ ನೆಟ್ಟ ಕಂಬದ ಹಾಗೆ ನಿಂತೇ ಇತ್ತು. "ಬಾವುಟ ಕಟ್ಟಬಹುದು ಮೇಡಂ" ಎಂದ ಅಜ್ಜ. ಈ ಸಲ ಅಧಿಕಾರಿ ನಕ್ಕರು, ನಕ್ಕು ಏರಿಯ ಮೇಲೆಯೇ ಕೂತು ಬರೆದರು. ಪರವಾನಗಿ ಐದು ವರ್ಷಕ್ಕಲ್ಲ, ಆರು ತಿಂಗಳಿಗೆ. ಕೆಸರು ಪೂರ್ತಿ ತೆಗೆಯುವವರೆಗೆ ಅರ್ಧ ಪಂಪು ಮಾತ್ರ. ವಾರಕ್ಕೆ ಎರಡು ಮಾದರಿ. ಹದಿನೇಳರ ದಾಖಲೆ ತಿದ್ದಿ, ಏಕೆ ತಿದ್ದಿದ್ದು ಎಂದು ಇಬ್ಬರ ಸಹಿಯ ಪತ್ರ. "ಮಾದರಿ ಬೇರೆಯವರ ಕೈಗೆ ಕೊಡಿ ಅಂತ ಬರೀಬೇಕಾಗಿತ್ತು" ಎಂದು ಅವನ ಮುಖ ನೋಡಿದರು. "ಬರೆಯಲ್ಲ. ಇನ್ಮೇಲೆ ನಿಮಗೆ ಮಗ್ಗು ಕಂಡರೇ ಭಯ ಇರತ್ತೆ."

ಎಚ್ಚರಿಕೆ ಪತ್ರಗಳು ಬಂದವು, ಅವನಿಗೊಂದು, ಸಾಹೇಬರಿಗೊಂದು. ಅರ್ಧ ಪಂಪಿನ ದಿನಗಳಲ್ಲಿ ಜನ ಗೊಣಗಿದರು, ಬೈದರು, ಆಮೇಲೆ ಬೈಯುವುದು ಬೇಸರವಾಗಿ ತಮಾಷೆಗೆ ಇಳಿದರು. "ಮೇಷ್ಟ್ರೇ, ಇವತ್ತು ಮಳೆ ತರಿಸ್ತೀರಾ, ಕೊಡೆ ತರಬೇಕಾ?" ಎಂದು ಬಸ್ಸಿನಲ್ಲಿ ಒಬ್ಬ ಕೂಗಿದರೆ ಹಿಂದಿನಿಂದ ಇನ್ನೊಬ್ಬ, "ಕೊಡೆ ಬೇಡ, ಬಕೆಟ್ ತಗೊಂಡು ಬಾ" ಎನ್ನುತ್ತಿದ್ದ. ಮೊದಲ ದಿನ ಅವನ ಕಿವಿ ಬಿಸಿಯಾಯಿತು. ನಾಲ್ಕನೇ ದಿನ ಅವನೂ ನಕ್ಕ. ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದಾಗ ಅವಳು, "ನನ್ನನ್ನ ಮೊದಲೇ ಕೇಳಿದ್ರೆ ಆಗ್ತಿರಲಿಲ್ವಾ, ಹವಾಮಾನ ಇಲಾಖೆ ಮನೇಲೇ ಇದೆ" ಎಂದಳು. ಹೊಂಡದಲ್ಲಿ ಯಂತ್ರ ಐವತ್ತು ದಿನ ಕೆಸರು ಎತ್ತಿತು. ಅಗೆದಷ್ಟೂ ಕೆಂಪು, ಕೆಂಪಿನ ಕೆಳಗೆ ಕೊನೆಗೊಂದು ದಿನ ಹಳೆಯ ಕಲ್ಲಿನ ತಳ. ನೀರು ಮತ್ತೆ ತುಂಬಿ, ನಿಂತು, ತಿಳಿಯಾಯಿತು. ಆ ವಾರದ ಮಾದರಿಗೆ ಪುಡಿ ಹಾಕಿದಾಗ ಬಣ್ಣ ಏರಲು ಮನಸ್ಸಿಲ್ಲದಂತೆ ತೆಳ್ಳಗೆ ನಿಂತಿತು. "ಹಾಲು ಜಾಸ್ತಿ ಆಯ್ತು" ಎಂದ ಅಜ್ಜ.

ಸಾಹೇಬರು ಆಗಾಗ ಸಂಜೆ ಏರಿಯ ಮೇಲೆ ನಡೆಯಲು ಬರುತ್ತಾರೆ, ಅವನೂ ಜೊತೆಯಾಗುತ್ತಾನೆ. "ಎಷ್ಟು?" ಎನ್ನುತ್ತಾರೆ. "ಎರಡು ಪಾಯಿಂಟ್ ಒಂದು" ಎನ್ನುತ್ತಾನೆ. ಆರು ತಿಂಗಳ ಪರವಾನಗಿ ಐದು ವರ್ಷಕ್ಕೆ ಆಗುವ ಲಕ್ಷಣವಿದೆ ಎಂದು ಒಂದು ದಿನ ಅವರು ಹೇಳಿದರು, ಹೇಳಿ, ಹಣೆಯ ಮೇಲಿದ್ದ ಕನ್ನಡಕವನ್ನು ಜೇಬಿನಲ್ಲಿ ಹುಡುಕಿದರು. ಅಂಥ ಸಂಜೆಗಳು ಎಷ್ಟೋ ಬಂದವು, ಮಾತು ನಾಲಿಗೆಯ ತುದಿಗೂ ಬಂತು. ಮಳೆಯ ಮಾತನ್ನು ಮೊದಲು ತೆಗೆದವನು ತಾನು ಎಂದು ಅವನು ಅವರಿಗೆ ಯಾವತ್ತೂ ಹೇಳಲಿಲ್ಲ.